ಭೀಮೆಯ ದಂಡೆಯ ಕಾಶಿ

ಕಾರ್ತಿಕ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಡುವ ಮುನ್ನ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬರುವುದು ನಮ್ಮ ಮನೆಯಲ್ಲಿ ಅವ್ವನ ಕಾಲದಿಂದ ನಡೆದು ಬಂದ ಪದ್ಧತಿ. 2025ರ ನವೆಂಬರ್ 5ರಂದೂ ಅದು ತಪ್ಪಲಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಅರ್ಪಿಸಿ, ದಾಸೋಹದ ಪಂಕ್ತಿಯಲ್ಲಿ ಕುಳಿತು ಎದ್ದೆವು. ಹೊಲಕ್ಕೆ ಇಳಿದ ಹಕ್ಕಿಗಳನ್ನು ಓಡಿಸದೆ, ಅವು ಕುಡಿಯಲೆಂದು ನೀರನ್ನೂ ಇಟ್ಟರೆಂಬ ಕಥೆ ಶರಣಬಸವರ ಬಗ್ಗೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅರ್ಥಶಾಸ್ತ್ರ ಓದಿದವನಿಗೆ ಇದು ಮೊದಲು ನಷ್ಟದ ಬಾಬತ್ತಾಗಿಯೇ ಕಾಣುತ್ತದೆ. ಆದರೂ ಆ ದಾಸೋಹ ಎರಡು ಶತಮಾನ ದಾಟಿ ಉಳಿದಿದೆ. ನಾನು ಸೇವೆಯಲ್ಲಿದ್ದಾಗ ಕಂಡ ಎಷ್ಟೋ ಯೋಜನೆಗಳು ಐದು ವರ್ಷವೂ ಬಾಳಲಿಲ್ಲ.

ಗಾಣಗಾಪುರ ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್. ಅಫಜಲಪುರ ತಾಲ್ಲೂಕಿಗೆ ಸೇರಿದ್ದು. ಆಳಂದದ ಕಡೆಯಿಂದ ಬರುವ ಅಮರಜಾ ಅಲ್ಲಿ ಭೀಮೆಯನ್ನು ಕೂಡಿಕೊಳ್ಳುತ್ತದೆ. 15ನೇ ಶತಮಾನದಲ್ಲಿ ನರಸಿಂಹ ಸರಸ್ವತಿಗಳು ಬಹುಕಾಲ ನೆಲೆಸಿದ್ದ ಕ್ಷೇತ್ರವಿದು. ಅವರ ಚರಿತ್ರೆಯನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡವಾಗಿತ್ತು ಎನ್ನುತ್ತಾರೆ. ಗಡಿಯ ಈ ಸೀಮೆಯಲ್ಲಿ ಅದೇನೂ ವಿಶೇಷವಲ್ಲ. ಇಂದಿಗೂ ಸಂಗಮದ ಮೆಟ್ಟಿಲುಗಳ ಮೇಲೆ ಎರಡೂ ಭಾಷೆಗಳು ಒಂದೇ ಬಾಯಲ್ಲಿ ಕೇಳಿಬರುತ್ತವೆ.

ಗುರುಚರಿತ್ರೆಯಲ್ಲಿ ದೀಪಾವಳಿಯ ಒಂದು ಪ್ರಸಂಗವಿದೆ. ನರಕ ಚತುರ್ದಶಿಯ ದಿನ ಗುರುಗಳು ಶಿಷ್ಯರನ್ನು ಪ್ರಯಾಗ, ಕಾಶಿ, ಗಯೆಗಳ ಸ್ನಾನಕ್ಕೆ ಕರೆಯುತ್ತಾರೆ. ಅಷ್ಟು ದೂರದ ಪಯಣಕ್ಕೆ ಸಿದ್ಧತೆ ಬೇಡವೇ ಎಂದು ಶಿಷ್ಯರು ಅಳುಕುತ್ತಾರೆ. ಗುರುಗಳು ಅವರನ್ನು ಊರಂಚಿಗೆ ಕರೆದೊಯ್ದು, ಈ ಸಂಗಮವೇ ಪ್ರಯಾಗ, ಅಲ್ಲಿರುವುದೇ ಕಾಶಿ, ರುದ್ರಪಾದವೇ ಗಯೆ ಎಂದು ಒಂದೊಂದಾಗಿ ತೋರಿಸುತ್ತಾರೆ. ಅಷ್ಟತೀರ್ಥಗಳ ಮಹಿಮೆ ಹೇಳುವ ಕಥೆ ಇದು.

1988ರಲ್ಲಿ ನನಗೆ ಈ ಕಥೆ ಹೇಳಿದವಳು ಅವ್ವ. ಅವಳಿಗೆ ಕಾಶಿಗೆ ಹೋಗುವ ಆಸೆಯಿತ್ತು. ನನ್ನ ರಜೆಯ ಅರ್ಜಿ ಎರಡು ಬಾರಿ ತಿರಸ್ಕೃತವಾಗಿತ್ತು. ಮೂರನೆಯ ಬಾರಿ ನಾನೇ ಬರೆಯಲಿಲ್ಲ. ಬಡ್ತಿಯ ಪಟ್ಟಿ ಹೊರಬೀಳುವ ಸಮಯವದು. ಆ ದೀಪಾವಳಿಗೆ ಅವಳನ್ನು ಬಸ್ಸಿನಲ್ಲಿ ಇಲ್ಲಿಗೆ ಕರೆತಂದೆ. ಹಣತೆ ತೇಲಿಬಿಟ್ಟು, 'ಕಾಶಿಗಿ ಹೋಗಾದು ಆಗಲಿಲ್ಲಂದ್ರ ಏನಾತು, ಹೊಳಿ ಇಲ್ಲೇ ಅದಲ್ಲ' ಎಂದಳು. ನನ್ನನ್ನು ಸಮಾಧಾನಪಡಿಸಲು ಆಡಿದ ಮಾತೆಂದು ಆಗ ತಿಳಿಯಲಿಲ್ಲ. ಕಾಶಿಯನ್ನು ಅವಳು ನೋಡಲೇ ಇಲ್ಲ.

ಈಗ ಕಾಶಿ ಹತ್ತಿರವಾಗಿದೆ. 2022ರಲ್ಲಿ ರಾಜ್ಯ ಸರ್ಕಾರ ಕಾಶಿಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನ ಘೋಷಿಸಿತು. ಅದೇ ವರ್ಷ ವಿಶೇಷ ರೈಲೂ ಹೊರಟಿತು. ನನ್ನಂಥ ಮಕ್ಕಳ ತಾಯಂದಿರಿಗೆ ಇದರಿಂದ ಉಪಕಾರವಾಗಿದ್ದರೆ ಆಕ್ಷೇಪವಿಲ್ಲ. ಆದರೆ 'ಹೊಳಿ ಇಲ್ಲೇ ಅದಲ್ಲ' ಎಂಬ ಅವ್ವನ ಮಾತು ವರ್ಷದ ಎಷ್ಟು ತಿಂಗಳು ನಿಜವಾಗಿ ಉಳಿದಿದೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

2024ರ ಮಾರ್ಚಿನಲ್ಲಿ ಭೀಮೆ ಬತ್ತಿತ್ತು. ಮಹಾರಾಷ್ಟ್ರದ ಉಜ್ಜನಿ ಜಲಾಶಯದಿಂದ ನೀರು ಬಿಡಿಸಬೇಕೆಂದು ಅಫಜಲಪುರದಲ್ಲಿ ಹೋರಾಟ ನಡೆಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಅದೇ ಭೀಮೆ ಉಕ್ಕಿ ಹೊಲಗಳನ್ನೂ ಊರುಗಳನ್ನೂ ಮುಳುಗಿಸಿತು. ಎರಡಕ್ಕೂ ನಡುವೆ ಕೇವಲ ಒಂದೂವರೆ ವರ್ಷ. 1980ರಲ್ಲಿ ಪೂರ್ಣಗೊಂಡ ಉಜ್ಜನಿಯ ಸಾಮರ್ಥ್ಯ ಸುಮಾರು 117 ಟಿಎಂಸಿ ಅಡಿ. ಬಚಾವತ್ ನ್ಯಾಯಮಂಡಳಿ ಭೀಮೆಯಲ್ಲಿ ನಮಗೆ ಕೊಟ್ಟದ್ದು 15 ಟಿಎಂಸಿ ಅಡಿ. ಹಂಚಿಕೆಯ ಲೆಕ್ಕ ವರ್ಷದ್ದು, ಬಾಯಾರಿಕೆ ದಿನದ್ದು. ಸೆಪ್ಟೆಂಬರಿನಲ್ಲಿ ಬೇಡವೆಂದರೂ ನುಗ್ಗುವ ನೀರನ್ನು ಮಾರ್ಚಿನ ಖಾತೆಗೆ ವರ್ಗಾಯಿಸಲು ಯಾವ ಲೆಕ್ಕಿಗನಿಂದಲೂ ಆಗದು. ಎರಡೂ ರಾಜ್ಯಗಳ ಅಧಿಕಾರಿಗಳು ಬೇಸಿಗೆಯ ಕನಿಷ್ಠ ಹರಿವನ್ನು ಮಳೆಗಾಲದಲ್ಲೇ ಕುಳಿತು ನಿಗದಿಪಡಿಸಬೇಕು. ನದಿ ಒಣಗಿದ ಮೇಲೆ ಪತ್ರ ಬರೆಯುವುದು ನಮ್ಮ ಹಳೆಯ ಚಾಳಿ. ಆ ಚಾಳಿಯಲ್ಲಿ ನನ್ನ ಪಾಲೂ ಇದೆ.

ಮಧ್ಯಾಹ್ನ ಊರಿನಲ್ಲಿ ಮಧುಕರಿಯ ಹೊತ್ತು. ಶ್ರೀಮಂತನಾಗಲಿ ಬಡವನಾಗಲಿ, ಇಲ್ಲಿಗೆ ಬಂದವನು ಜೋಳಿಗೆ ಹಿಡಿದು ಐದು ಮನೆಗಳಲ್ಲಿ ಭಿಕ್ಷೆ ಬೇಡಬೇಕೆಂಬುದು ಸಂಪ್ರದಾಯ. ದತ್ತಾತ್ರೇಯನೂ ಯಾವುದೋ ವೇಷದಲ್ಲಿ ಬಂದು ಬೇಡುತ್ತಾನೆಂಬ ನಂಬಿಕೆ. ಬೆಳಿಗ್ಗೆ ದಾಸೋಹದಲ್ಲಿ ಕೇಳದೆಯೇ ಉಂಡವನು ಮಧ್ಯಾಹ್ನ ಅಂಗೈ ಚಾಚಿ ನಿಂತಿದ್ದೆ. ಸಹಿ ಹಾಕಿ ಮಂಜೂರು ಮಾಡಿಯೇ ರೂಢಿಯಾದ ಕೈಗೆ ಈ ಕೆಲಸ ಸುಲಭವಲ್ಲ. ಮೂರನೆಯ ಮನೆಯ ಹೊತ್ತಿಗೆ ಬಾಯಿಂದ ಮಾತು ಹೊರಟಿತು.

ಸಂಜೆ ಸಂಗಮದಲ್ಲಿ ಪ್ರವಾಹದ ಗುರುತು ಇನ್ನೂ ಮಾಸಿರಲಿಲ್ಲ. ಮೆಟ್ಟಿಲ ಸಂದಿಗಳಲ್ಲಿ ಮೆಕ್ಕಲು ಮಣ್ಣು, ಜಾಲಿಯ ಮುಳ್ಳಿಗೆ ಸಿಕ್ಕ ಬಟ್ಟೆ, ಪ್ಲಾಸ್ಟಿಕ್ ಚೀಲ. ಆದರೂ ಔದುಂಬರ ವೃಕ್ಷದ ಸುತ್ತ, ನೀರಿನಂಚಿನವರೆಗೂ ಜನ ಹಣತೆ ಹಚ್ಚಿದ್ದರು. ಅದೇ ಹುಣ್ಣಿಮೆ ಕಾಶಿಯಲ್ಲಿ ದೇವ ದೀಪಾವಳಿ. ಯಾತ್ರೆಗೆ ಹೋಗಿದ್ದ ನೆರೆಮನೆಯವರು ಗಂಗೆಯ ಘಾಟುಗಳ ವಿಡಿಯೊವೊಂದನ್ನು ನನ್ನ ಮೊಬೈಲಿಗೆ ಕಳುಹಿಸಿದ್ದರು. ಅಲ್ಲಿಯ ಬೆಳಕಿನ ಮುಂದೆ ನಮ್ಮದು ಏನೂ ಅಲ್ಲ. ಹೆಂಡತಿ ಅದನ್ನು ಎರಡು ಸಲ ನೋಡಿ ಫೋನನ್ನು ಚೀಲಕ್ಕೆ ಹಾಕಿದಳು.

ದೀಪ ಮಾರುತ್ತಿದ್ದ ಹೆಂಗಸನ್ನು, ನೀರಿಲ್ಲದ ವರ್ಷ ಏನು ಮಾಡುವಿರಿ ಎಂದು ಕೇಳಿದೆ. 'ನೀರಿದ್ದರ ತೇಲತದ ಸಾಹೇಬ್ರ, ಇಲ್ಲಂದ್ರ ಕಲ್ಲಿನ ಮ್ಯಾಲ ಇಟ್ಟು ಹೋಗ್ತಾರ' ಎಂದಳು. ಅವ್ವನ ಹೆಸರಿನಲ್ಲಿ ನಾವು ಬಿಟ್ಟ ಹಣತೆ ನಾಲ್ಕು ಮಾರು ಸಾಗಿ ಮೆಕ್ಕಲಿನ ದಿಬ್ಬಕ್ಕೆ ತಗುಲಿ ನಿಂತಿತು. ಆಕೆ ಸೀರೆ ಎತ್ತಿಕಟ್ಟಿ ನೀರಿಗಿಳಿದು ಉದ್ದನೆಯ ಕೋಲಿನಿಂದ ಅದನ್ನು ಮೆಲ್ಲಗೆ ಹರಿವಿನತ್ತ ತಳ್ಳಿದಳು.