ಜಪಾನಿನಲ್ಲಿ ಹೊಸ ಸಂಸಾರವೇ? ರಜೆ ಮುಗಿಯುವ ಮುನ್ನ ರೆಡಿಯಾಗಿ!

ಯಜಮಾನರಿಗೆ ಟೋಕಿಯೊದಲ್ಲೋ ಒಸಾಕಾದಲ್ಲೋ ಕೆಲಸ ಸಿಕ್ಕಿದೆ. ಅವರು ಮೊದಲೇ ಹೋಗಿ ಮನೆ ಹಿಡಿದಿದ್ದಾರೆ. ಈಗ ನಿಮ್ಮ ವೀಸಾವೂ ಬಂತು. 'ಡಿಸೆಂಬರ್ ಕೊನೆಗೆ ಬಂದ್ಬಿಡು, ನನಗೂ ಒಂದು ವಾರ ರಜೆ ಇರುತ್ತೆ, ಜೊತೆಗಿದ್ದು ಎಲ್ಲಾ ಸೆಟ್ ಮಾಡ್ಕೋಬಹುದು' ಅಂತ ಫೋನಿನಲ್ಲಿ ಹೇಳಿದ್ದಾರೆ. ಕೇಳೋಕೆ ಚೆನ್ನಾಗಿಯೇ ಇದೆ ಅಲ್ಲವೇ? ಆದರೆ ಅವರಿಗೆ ರಜೆ ಇರುವ ಆ ವಾರ ಹೆಚ್ಚುಕಮ್ಮಿ ಇಡೀ ಜಪಾನಿಗೇ ರಜೆ!

ಇನ್ನೊಂದು ಮಾತು. ಜನವರಿ 4ರ ಆಸುಪಾಸಿನಲ್ಲಿ ಅವರು ಮತ್ತೆ ಬೆಳಗಿನ ರೈಲು ಹತ್ತುತ್ತಾರೆ. ಆಮೇಲೆ ಆ ಪುಟ್ಟ ಮನೆಯಲ್ಲಿ ನೀವೊಬ್ಬರೇ. ಭಾಷೆ ಬಾರದು, ಪಕ್ಕದ ಮನೆಯವರು ಗೊತ್ತಿಲ್ಲ, ಸಂಜೆ ಬೇಗನೇ ಕತ್ತಲೆ. ಅಲ್ಲಿಗೆ ಹೋದ ಎಷ್ಟೋ ಹೆಣ್ಣುಮಕ್ಕಳು ಮಂಕಾಗುವುದು ಈ ದಿನಗಳಲ್ಲೇ. ಹಾಗಾಗಿ ಆ ಒಂದು ವಾರವನ್ನು ಬರೀ ಸುತ್ತಾಟದಲ್ಲಿ ಕಳೆಯಬೇಡಿ. ಅವರು ಜೊತೆಗಿರುವಾಗಲೇ, ಅವರಿಲ್ಲದೆ ಬದುಕುವುದನ್ನು ಕಲಿತುಕೊಳ್ಳಿ.

ಊರಿಗೆ ಊರೇ ಬಾಗಿಲು ಹಾಕುತ್ತೆ

ನಮಗೆ ದೀಪಾವಳಿ, ಯುಗಾದಿ ಇದ್ದಂತೆ ಜಪಾನೀಯರಿಗೆ ಹೊಸ ವರ್ಷ, ಅಂದರೆ 'ಶೋಗಾತ್ಸು'. ಕ್ರಿಸ್‌ಮಸ್ ದಿನ ಅಲ್ಲಿ ಸರ್ಕಾರಿ ರಜೆ ಇಲ್ಲ. ಆದರೆ ಡಿಸೆಂಬರ್ 29ರಿಂದ ಜನವರಿ 3ರವರೆಗೆ ಸರ್ಕಾರಿ ಕಚೇರಿಗಳು ಮುಚ್ಚಿರುತ್ತವೆ. ಬ್ಯಾಂಕುಗಳಿಗೆ ಡಿಸೆಂಬರ್ 31ರಿಂದ ಜನವರಿ 3ರವರೆಗೆ ರಜೆ. ಹೆಚ್ಚಿನ ಕ್ಲಿನಿಕ್‌ಗಳೂ ಇರುವುದಿಲ್ಲ. ಜನವರಿ 1ರಂದು ಹಲವು ಸೂಪರ್ ಮಾರ್ಕೆಟ್‌ಗಳಿಗೂ ಬೀಗ.

ಆದ್ದರಿಂದ 29ಕ್ಕೆ ಮೊದಲೇ ಅಕ್ಕಿ, ಹಾಲು, ತರಕಾರಿ, ಮಕ್ಕಳ ಡಯಾಪರ್ ತಂದಿಟ್ಟುಕೊಳ್ಳಿ. ಕೈಯಲ್ಲಿ ಒಂದಿಷ್ಟು ನಗದು ಇರಲಿ. ಅಷ್ಟಕ್ಕೂ ಏನಾದರೂ ಮರೆತರೆ 'ಕೊಂಬಿನಿ' ಎಂಬ ಚಿಕ್ಕ ಅಂಗಡಿಗಳು ಬೀದಿ ಬೀದಿಗೂ ಇವೆ. ಅವು ಹೊಸ ವರ್ಷದ ದಿನವೂ ಸಾಮಾನ್ಯವಾಗಿ ತೆರೆದಿರುತ್ತವೆ.

ಕಸದ ಗಾಡಿಗೂ ರಜೆ! ಅಲ್ಲಿ ಸುಡುವ ಕಸ, ಸುಡದ ಕಸ, ಬಾಟಲಿ, ಕಾಗದ ಅಂತ ಒಂದೊಂದಕ್ಕೆ ಒಂದೊಂದು ವಾರ. ವರ್ಷದ ಕೊನೆಯ ಗಾಡಿ ಯಾವತ್ತು, ಹೊಸ ವರ್ಷದ ಮೊದಲ ಗಾಡಿ ಯಾವತ್ತು ಎಂಬ ಚೀಟಿಯನ್ನು ಕೇಳಿ ಪಡೆದು ಫ್ರಿಜ್ ಮೇಲೆ ಅಂಟಿಸಿಬಿಡಿ. ತಪ್ಪಿದರೆ ವಾರದ ಕಸ ನಿಮ್ಮ ಬಾಲ್ಕನಿಯಲ್ಲೇ.

ಹೊಸದಾಗಿ ಮನೆ ಹಿಡಿಯುತ್ತಿದ್ದರೆ ಗ್ಯಾಸ್ ಬಗ್ಗೆ ವಿಚಾರಿಸಿ. ಸಂಪರ್ಕ ಶುರು ಮಾಡಲು ಕಂಪನಿಯವರು ಮನೆಗೇ ಬರಬೇಕು, ಆಗ ಮನೆಯಲ್ಲಿ ಯಾರಾದರೂ ಇರಬೇಕು. ವರ್ಷದ ಕೊನೆಯಲ್ಲಿ ದಿನ ಸಿಗುವುದು ಕಷ್ಟ. ಗ್ಯಾಸ್ ಇಲ್ಲದಿದ್ದರೆ ಅಡುಗೆಯಷ್ಟೇ ಅಲ್ಲ, ಎಷ್ಟೋ ಮನೆಗಳಲ್ಲಿ ಸ್ನಾನದ ಬಿಸಿನೀರೂ ಇಲ್ಲ!

ಚಳಿ ಇರುವುದು ಮನೆಯೊಳಗೇ

ಟೋಕಿಯೊದಲ್ಲಿ ಜನವರಿಯಲ್ಲಿ ಹಗಲು ಸುಮಾರು 10 ಡಿಗ್ರಿ, ರಾತ್ರಿ 1-2 ಡಿಗ್ರಿ. ಬಿಸಿಲೇನೋ ಚೆನ್ನಾಗಿಯೇ ಬರುತ್ತೆ. ತೊಂದರೆ ಕೊಡುವುದು ಮನೆ. ಅಲ್ಲಿನ ಬಹಳಷ್ಟು ಮನೆಗಳಲ್ಲಿ ಇಡೀ ಮನೆ ಬೆಚ್ಚಗಿಡುವ ವ್ಯವಸ್ಥೆ ಇರುವುದಿಲ್ಲ. ಕೂತ ಕೋಣೆ ಮಾತ್ರ ಬೆಚ್ಚಗೆ. ಬಚ್ಚಲು, ಅಡುಗೆಮನೆ ಎರಡೂ ಐಸ್!

ಗೋಡೆಯ ಏಸಿಯಲ್ಲೇ ಬಿಸಿಗಾಳಿ ಬರುತ್ತೆ. ರಿಮೋಟಿನಲ್ಲಿ 'ದಾನ್ಬೋ' ಎಂಬ ಬಟನ್ ಯಾವುದು ಅಂತ ಮೊದಲ ದಿನವೇ ತಿಳಿದುಕೊಂಡು ಅದರ ಮೇಲೆ ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿ. 'ಕೊತಾತ್ಸು' ಅಂತ ಇನ್ನೊಂದಿದೆ. ಗಿಡ್ಡ ಮೇಜು, ಅದರಡಿ ಹೀಟರ್, ಮೇಲೆ ದಪ್ಪ ಹೊದಿಕೆ. ಕಾಲು ತೂರಿಸಿ ಕೂತರೆ ಏಳೋಕೇ ಮನಸ್ಸಾಗದು. ಆದರೆ ಅದರೊಳಗೇ ನಿದ್ದೆ ಮಾಡಬೇಡಿ, ಮಕ್ಕಳನ್ನಂತೂ ಮಲಗಿಸಲೇಬೇಡಿ. ಮೈ ನೀರು ಆರುತ್ತೆ, ಚರ್ಮ ಸುಡುವುದೂ ಉಂಟು. ಬಟ್ಟೆಗೆ ಅಂಟಿಸುವ 'ಕೈರೊ' ಎಂಬ ಶಾಖದ ಪೊಟ್ಟಣವನ್ನೂ ಬರಿ ಮೈಗೆ ತಾಗಿಸಬಾರದು. ಸೀಮೆಎಣ್ಣೆ ಹೀಟರ್ ಇದ್ದರೆ ಆಗಾಗ ಕಿಟಕಿ ತೆರೆಯಿರಿ. ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಅದಕ್ಕೆ ಅನುಮತಿಯೇ ಇರುವುದಿಲ್ಲ, ಕೇಳಿಕೊಳ್ಳಿ.

ಒಳಗೆ ಹಾಕುವ ಥರ್ಮಲ್, ದಪ್ಪ ಕಾಲುಚೀಲ ಇಲ್ಲಿಂದಲೇ ಎರಡು ಜೊತೆ ಒಯ್ಯಿರಿ. ಭಾರದ ಕೋಟು ಮಾತ್ರ ಬೇಡ. ಜನವರಿ ಮೊದಲ ವಾರದ ರಿಯಾಯಿತಿ ಮಾರಾಟದಲ್ಲಿ ಅಲ್ಲೇ ಕೊಳ್ಳಬಹುದು.

ನಮ್ಮ ಮಿಕ್ಸಿ ಅಲ್ಲಿ ತಿರುಗದು

ಜಪಾನಿನ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಮಿಕ್ಸಿ, ಗ್ರೈಂಡರ್ ಹೊತ್ತುಕೊಂಡು ಹೋದರೆ ಬರೀ ಲಗೇಜ್ ದಂಡ. ಇಂಡಕ್ಷನ್ ಒಲೆಯ ಮನೆಯಾದರೆ ಬರೀ ಅಲ್ಯೂಮಿನಿಯಂ ಕುಕ್ಕರ್ ಕೂಡಾ ಬಿಸಿಯಾಗದು. ತಳಕ್ಕೆ ಅಯಸ್ಕಾಂತ ಹಿಡಿಯುತ್ತದೆಯೇ ನೋಡಿ ತೆಗೆದುಕೊಳ್ಳಿ. ಸಾರಿನ ಪುಡಿ, ಚಟ್ನಿಪುಡಿ ಚೆನ್ನಾಗಿ ಪ್ಯಾಕ್ ಮಾಡಿಸಿ. ಹಸಿ ಕರಿಬೇವು, ಹಣ್ಣು, ತರಕಾರಿ, ಬಿತ್ತನೆ ಬೀಜ ಮಾತ್ರ ಬೇಡ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಅವನ್ನು ಒಳಗೆ ಬಿಡುವುದಿಲ್ಲ.

ಚಳಿಗೆ ಇಡ್ಲಿ ಹಿಟ್ಟು ಹುದುಗೋದೇ ಇಲ್ಲ ಎಂಬುದು ಅಲ್ಲಿನ ನಮ್ಮವರ ನಿತ್ಯದ ಗೋಳು. ಉಪಾಯ ಇದೆ. ಅಲ್ಲಿನ ಹಲವು ಮೈಕ್ರೋವೇವ್ ಓವನ್‌ಗಳಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬಿಸಲು 'ಹಕ್ಕೋ' ಎಂಬ ಬಟನ್ ಇರುತ್ತೆ. ಇಡ್ಲಿ ಹಿಟ್ಟಿಗೂ ಅದು ಸರಿಯಾಗುತ್ತೆ. ಅದಿಲ್ಲದಿದ್ದರೆ ಪಾತ್ರೆ ಮುಚ್ಚಿ, ಟವೆಲ್ ಸುತ್ತಿ, ಕೊತಾತ್ಸು ಸಣ್ಣ ಉರಿಯಲ್ಲಿರುವಾಗ ಹೀಟರಿಗೆ ತಾಗದಂತೆ ಮೂಲೆಯಲ್ಲಿಡಿ. ಅಲ್ಲಿನ ಅಕ್ಕಿ ಅಂಟಂಟು, ಚಿತ್ರಾನ್ನಕ್ಕೆ ಆಗದು. ಮೊಸರನ್ನಕ್ಕೋ, ಅಬ್ಬಾ, ಬೆಣ್ಣೆಯ ಹಾಗೆ!

ಸಸ್ಯಾಹಾರಿಗಳು ಒಂದು ಪದ ಕಲಿಯಲೇಬೇಕು: 'ದಾಶಿ'. ಇದು ಅಲ್ಲಿನ ಅಡುಗೆಯ ಮೂಲ ಸಾರು. ಹೆಚ್ಚಾಗಿ ಒಣಗಿಸಿದ ಮೀನಿನಿಂದ ಮಾಡುತ್ತಾರೆ. ಡಿಸೆಂಬರ್ 31ರ ರಾತ್ರಿ ತಿನ್ನುವ 'ತೊಶಿಕೊಶಿ ಸೊಬಾ' ನೋಡಲು ಬರೀ ಶ್ಯಾವಿಗೆ, ಆದರೆ ಅದರ ಸಾರಿನಲ್ಲಿ ಮೀನಿರುತ್ತೆ. ಮನೆಯಲ್ಲಿ 'ಕೊಂಬು' ಎಂಬ ಕಡಲಪಾಚಿಯಿಂದ ಸಾರು ಮಾಡಿಕೊಂಡರೆ ನಿಶ್ಚಿಂತೆಯಿಂದ ತಿನ್ನಬಹುದು.

ಕಾರ್ಡು, ಕೀಲಿ, ಫೋನು: ಮೂರೂ ನಿಮ್ಮ ಕೈಯಲ್ಲಿರಲಿ

ಇದು ಈ ಲೇಖನದ ಮುಖ್ಯ ಮಾತು. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದ ಕೂಡಲೇ ನಿಮ್ಮ ಹೆಸರಿನ ನಿವಾಸಿ ಕಾರ್ಡು, ಅಂದರೆ 'ಜಾಯ್ರ್ಯೂ ಕಾರ್ಡ್' ಕೊಡುತ್ತಾರೆ. ಅದನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು ಎಂಬುದು ಕಾನೂನು. 'ನಿನ್ನದೂ ನನ್ನ ಪರ್ಸಿನಲ್ಲೇ ಇರಲಿ' ಅಂತ ಯಜಮಾನರು ಹೇಳಿದರೂ ಕೊಡಬೇಡಿ!

ಮನೆ ಸೇರಿದ 14 ದಿನದೊಳಗೆ ಊರಿನ ಪೌರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಡಿಸೆಂಬರ್ 26ಕ್ಕೆ ಮನೆ ಸೇರಿದಿರಿ ಅಂದುಕೊಳ್ಳಿ. ಗಡುವು ಜನವರಿ 9. ಅದರಲ್ಲಿ ಆರು ದಿನ ಕಚೇರಿಯೇ ಇಲ್ಲ. ಆದ್ದರಿಂದ ಒಂದೋ ಬಂದ ಮರುದಿನವೇ, ಇಲ್ಲವೇ ರಜೆ ಮುಗಿದು ಬಾಗಿಲು ತೆರೆದ ದಿನವೇ ಹೋಗಿ. ಮದುವೆಯ ಪ್ರಮಾಣಪತ್ರ ಮತ್ತು ಅದರ ಜಪಾನಿ ಅನುವಾದ ಜೊತೆಗಿರಲಿ, ಕೇಳುತ್ತಾರೆ.

ಯಜಮಾನರ ಕಂಪನಿಯ ಆರೋಗ್ಯ ವಿಮೆಯಲ್ಲಿ ನಿಮ್ಮ ಹೆಸರನ್ನೂ ಸೇರಿಸಲು ಹೇಳಿ. ವಿಮೆ ಇದ್ದರೆ ಆಸ್ಪತ್ರೆ ಖರ್ಚಿನಲ್ಲಿ ನೀವು ಕೊಡಬೇಕಾದ್ದು ಸಾಮಾನ್ಯವಾಗಿ ಶೇ. 30 ಮಾತ್ರ. ಮನೆಯ ಇನ್ನೊಂದು ಕೀಲಿ ಮತ್ತು ನಿಮ್ಮದೇ ನಂಬರಿನ ಫೋನು ಇಲ್ಲದೆ ಅವರನ್ನು ಆಫೀಸಿಗೆ ಕಳಿಸಬೇಡಿ. ನಿಮ್ಮದು ಅವಲಂಬಿತರ ವೀಸಾ ಆದರೂ ವಲಸೆ ಕಚೇರಿಯ ಅನುಮತಿ ಪಡೆದರೆ ವಾರಕ್ಕೆ 28 ಗಂಟೆವರೆಗೆ ಕೆಲಸ ಮಾಡಬಹುದು. ಓದಿದ ಓದು ಪೆಟ್ಟಿಗೆಯಲ್ಲಿ ಕೂರಬೇಕಾಗಿಲ್ಲ.

ಭೂಮಿ ನಡುಗಿದರೆ?

2024ರ ಜನವರಿ 1ರಂದು, ಜನ ಹಬ್ಬದ ಮನೆಯಲ್ಲಿ ಸೇರಿದ್ದಾಗ, ಸಂಜೆ 4 ಗಂಟೆ 10 ನಿಮಿಷಕ್ಕೆ ನೋಟೊ ಪ್ರದೇಶದಲ್ಲಿ 7.6 ತೀವ್ರತೆಯ ಭೂಕಂಪವಾಯಿತು. ಕಂಪನಕ್ಕೆ ರಜೆ ಇಲ್ಲ. ಹೆದರಿಸಲು ಹೇಳುತ್ತಿಲ್ಲ, ತಯಾರಿ ಮಾಡಿಕೊಳ್ಳಿ ಅಂತ ಅಷ್ಟೇ. ನಡುಗಿದಾಗ ಗಟ್ಟಿ ಮೇಜಿನಡಿ ಕೂತು ತಲೆ ಕಾಪಾಡಿಕೊಳ್ಳಿ. ನಿಂತ ಮೇಲೆ ಒಲೆ ಆರಿಸಿ. ನೀರು, ಟಾರ್ಚು, ಔಷಧಿ, ಪಾಸ್‌ಪೋರ್ಟ್ ನಕಲು, ನಾಲ್ಕು ಪ್ಯಾಕೆಟ್ ಬಿಸ್ಕೆಟ್ ತುಂಬಿದ ಚೀಲ ಬಾಗಿಲ ಬಳಿ ಇರಲಿ. ಆಶ್ರಯ ತಾಣ ಸಾಮಾನ್ಯವಾಗಿ ಹತ್ತಿರದ ಶಾಲೆ. ರಜೆಯಲ್ಲೇ ಇಬ್ಬರೂ ಅಲ್ಲಿಯವರೆಗೆ ನಡೆದು ನೋಡಿ. ಅವರು ಆಫೀಸಿನಲ್ಲಿದ್ದು ಫೋನ್ ಸಿಗದಿದ್ದರೆ ಎಲ್ಲಿ ಸೇರುವುದು ಎಂದೂ ಮಾತಾಡಿಕೊಳ್ಳಿ.

ನಾಲ್ಕನೇ ತಾರೀಖಿನ ನಂತರ...

ರಜೆಯಲ್ಲಿ ಯಜಮಾನರ ಜೊತೆ ಅಂಗಡಿಗೆ ಹೋದಾಗ ದುಡ್ಡು ನೀವೇ ಕೊಡಿ. ರೈಲಿನ ಕಾರ್ಡು ನೀವೇ ರೀಚಾರ್ಜ್ ಮಾಡಿ. ಎರಡು ದಿನ ಅವರು ಹಿಂದೆ ಬರಲಿ, ನೀವು ಮುಂದೆ ನಡೆಯಿರಿ. ಅಕ್ಕಪಕ್ಕದ, ಮೇಲಿನ, ಕೆಳಗಿನ ಮನೆಗಳಿಗೆ ಹೋಗಿ ಒಂದು ಪುಟ್ಟ ಸಿಹಿ ಪೊಟ್ಟಣವನ್ನೋ ಟವೆಲನ್ನೋ ಕೊಟ್ಟು ಪರಿಚಯ ಮಾಡಿಕೊಳ್ಳಿ. ಹೊಸದಾಗಿ ಬಂದವರು ಹೀಗೆ ಮಾಡುವುದು ಅಲ್ಲಿನ ಹಳೆಯ ಪದ್ಧತಿ.

ಅವರು ಕೆಲಸಕ್ಕೆ ಹೊರಟ ಮೇಲೆ ದಿನಕ್ಕೊಮ್ಮೆ ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೋಗಲೇಬೇಕು. ಇದು ಔಷಧಿ ಅಂತಲೇ ತಿಳಿಯಿರಿ. ಊರಿಗೆ ಫೋನ್ ಮಾಡುವಾಗ ನೆನಪಿರಲಿ, ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಎಂಟಾದರೆ ಅಮ್ಮನಿಗೆ ಇನ್ನೂ ನಾಲ್ಕೂವರೆ! ಹಲವು ಊರುಗಳಲ್ಲಿ ಸ್ವಯಂಸೇವಕರು ಕಡಿಮೆ ಖರ್ಚಿನಲ್ಲಿ ಜಪಾನಿ ಕಲಿಸುತ್ತಾರೆ. ವಿಳಾಸ ನೋಂದಾಯಿಸಲು ಹೋದಾಗಲೇ ಆ ಬಗ್ಗೆ ವಿಚಾರಿಸಿ.

ಅಷ್ಟರಲ್ಲಿ ಸಂಕ್ರಾಂತಿ ಬಂದೇಬಿಡುತ್ತೆ. ಹುರಿದ ಎಳ್ಳು 'ಗೊಮಾ' ಹೆಸರಿನಲ್ಲಿ ಅಲ್ಲೇ ಸಿಗುತ್ತೆ, ಕಡಲೆಬೀಜವೂ ಇದೆ. ಬೆಲ್ಲದ ಬದಲು ಓಕಿನಾವಾದ ಕಪ್ಪು ಸಕ್ಕರೆ 'ಕುರೊಜಾತೊ' ಹಾಕಿ ನೋಡಿ. ಪಕ್ಕದ ಮನೆಯ ಅಜ್ಜಿಗೆ ಒಂದು ಪೊಟ್ಟಣ ಎಳ್ಳುಬೆಲ್ಲ ಕೊಡಿ. ಭಾಷೆ ಬಾರದಿದ್ದರೂ ಪರವಾಗಿಲ್ಲ, ಆಕೆ ನಗುತ್ತಾರೆ, ನೀವೂ ನಗಿ.

ಫ್ರಿಜ್ ಮೇಲೆ ಅಂಟಿಸಿ

* ಆಂಬುಲೆನ್ಸ್ ಮತ್ತು ಬೆಂಕಿ ಅನಾಹುತಕ್ಕೆ: 119 ('ಕ್ಯೂಕ್ಯೂ' ಅಂದರೆ ಆಂಬುಲೆನ್ಸ್, 'ಕಾಜಿ' ಅಂದರೆ ಬೆಂಕಿ)
* ಪೊಲೀಸರಿಗೆ: 110
* ರಜೆಯಲ್ಲಿ ತೆರೆದಿರುವ ಕ್ಲಿನಿಕ್: ಪೌರ ಕಚೇರಿಯ ಪಟ್ಟಿಯಿಂದ ಮೊದಲೇ ಬರೆದಿಟ್ಟುಕೊಳ್ಳಿ
* ಮನೆಯ ಪೂರ್ತಿ ವಿಳಾಸ: ಜಪಾನಿ ಉಚ್ಚಾರಣೆಯಲ್ಲಿ, ಕನ್ನಡ ಅಕ್ಷರದಲ್ಲಿ
* 'ತಸುಕೆತೆ': ಕಾಪಾಡಿ
* 'ನಿಕು': ಮಾಂಸ, 'ಸಕಾನಾ': ಮೀನು, 'ತಮಾಗೊ': ಮೊಟ್ಟೆ
* ಡಿಸೆಂಬರ್ ಕೊನೆಯಲ್ಲಿ ಬೀಳ್ಕೊಡುವಾಗ 'ಯೊಯ್ ಒತೊಶಿ ಒ', ಜನವರಿ 1ರಿಂದ 'ಅಕೆಮಾಶಿತೆ ಒಮೆದೆತೋ ಗೊಜಾಯ್‌ಮಾಸ್'