ಸಂತೆಪೇಟೆ ಯಜಮಾನರ ಮೆಟ್ಟಿಲ ಖಾತೆ

ಜನವರಿ ಒಂದನೇ ತಾರೀಖು ವಾಕಿಂಗ್ ಶುರು ಮಾಡುವವರಿಗೆ ಮೈಸೂರಿನಲ್ಲಿ ಬರವಿಲ್ಲ. ಹೊಸ ಷೂ, ಹೊಸ ಟೋಪಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಜಾತ್ರೆ! ಸಂಕ್ರಾಂತಿಯ ಎಳ್ಳು-ಬೆಲ್ಲ ಖರ್ಚಾಗುವ ಹೊತ್ತಿಗೆ ಏರಿ ಖಾಲಿ, ಷೂ ಮಂಚದ ಕೆಳಗೆ.

ಸಂತೆಪೇಟೆಯ ದಿನಸಿ ವ್ಯಾಪಾರಿಯೊಬ್ಬರದೂ ವರ್ಷಾವರ್ಷ ಇದೇ ಕಥೆ. ವಯಸ್ಸು ಐವತ್ತರ ಮೇಲೆ, ಜೊತೆಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಗಲ್ಲಾ ಮುಂದೆ ಕೂತರೆ ಏಳುವುದು ರಾತ್ರಿ ಬಾಗಿಲು ಹಾಕುವಾಗಲೇ. ಡಾಕ್ಟರು ‘ನಡೀರಿ’ ಅಂದಾಗಲೆಲ್ಲ ಹೂಂಗುಟ್ಟಿ ಬರುತ್ತಿದ್ದ ಯಜಮಾನರು ಈ ಸಲ ಜನವರಿಯಲ್ಲಿ ಪಕ್ಕದ ಪಾತ್ರೆ ಅಂಗಡಿಯವರ ಹತ್ತಿರ ಪಂಥ ಕಟ್ಟಿಬಿಟ್ಟರು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎಲ್ಲೂ ಕೂರದೆ ಅರ್ಧ ಗಂಟೆಯಲ್ಲಿ ಹತ್ತುವುದು. ಸೋತವರು 501 ರೂಪಾಯಿ ಕೊಡುವುದು, ಮೇಲೆ ಮಸಾಲೆ ದೋಸೆ!

ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೇ ಶತಮಾನದಲ್ಲಿ, ಕಟ್ಟಿದ ಮೆಟ್ಟಿಲುಗಳಿವು. ಸಾವಿರದ ಮೇಲಿವೆ. ಗಲ್ಲಾ ಮುಂದೆ ಕೂತವರ ಅವಸರ ಅವಕ್ಕೇನು ಗೊತ್ತು? ಇನ್ನೂರು ದಾಟಿತು, ಎದೆ ಡವಡವ. ಮುನ್ನೂರಕ್ಕೆ ಕಣ್ಣು ಕತ್ತಲೆ. ಹರಕೆಗಾಗಿ ಮೆಟ್ಟಿಲಿಗೆ ಅರಿಸಿನ-ಕುಂಕುಮ ಹಚ್ಚುತ್ತಿದ್ದ ಹೆಂಗಸೊಬ್ಬರು ತಮ್ಮ ನೀರಿನ ಬಾಟಲಿ ಕೊಟ್ಟು, “ಕೂತ್ಕಳಿ ಅಣ್ಣ. ಬೆಟ್ಟ ಎಲ್ಲೂ ಓಡೋಗಕಿಲ್ಲ” ಅಂದರಂತೆ.

ಯಜಮಾನರು ಕೂತರು. ಪಂಥದ ದುಡ್ಡು ಹೋಯಿತು. ಪ್ರಾಣ ಉಳಿಯಿತು ಎಂದರೆ ಅತಿಶಯವಲ್ಲ. ಸಕ್ಕರೆ ಇರುವವರಿಗೆ ಹೃದಯದ ತೊಂದರೆ ಕೆಲವೊಮ್ಮೆ ಎದೆನೋವೇ ಇಲ್ಲದೆ ಬರುತ್ತದೆ. ಬರೀ ಸುಸ್ತು, ಬೆವರು, ಉಬ್ಬಸ ಅಷ್ಟೇ. ಹಠ ಹಿಡಿದು ಹತ್ತಿದ್ದರೆ ಮನೆಯವರು ಏನು ಕೇಳಬೇಕಾಗಿತ್ತೋ!

ಮಾರನೇ ದಿನವೇ ಇ.ಸಿ.ಜಿ. ಮತ್ತೊಂದೆರಡು ಪರೀಕ್ಷೆ. ಅದೃಷ್ಟಕ್ಕೆ ದೋಷ ಸಿಗಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟು: ಹತ್ತುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಮಾತು ಕಟ್ಟಿದರೆ ನಿಲ್ಲಬೇಕು. ಜೇಬಿನಲ್ಲಿ ಗ್ಲೂಕೋಸ್ ಇರಲಿ, ಸಕ್ಕರೆ ಮಾತ್ರೆ ನುಂಗುವವರಿಗೆ ದಣಿದಾಗ ಸಕ್ಕರೆ ದಿಢೀರನೆ ಇಳಿಯಬಹುದು. ಮಂಡಿಗೆ ಹೊರೆ ಬೀಳುವುದು ಹತ್ತುವಾಗಿನಕ್ಕಿಂತ ಇಳಿಯುವಾಗ ಹೆಚ್ಚು, ಅವಸರ ಬೇಡ.

ಆಮೇಲೆ ಯಜಮಾನರು ಮಾಡಿದ್ದೇ ಸ್ವಾರಸ್ಯ. ಪಾತ್ರೆ ಅಂಗಡಿಯ ಪಂಥ ರದ್ದು. ಅಂಗಡಿಯಲ್ಲೇ ಇದ್ದ ಹಳೇ ಖಾತೆ ಪುಸ್ತಕದಲ್ಲಿ ತಮ್ಮದೇ ಹೆಸರಿಗೆ ಒಂದು ಪುಟ ತೆರೆದರು. ಯುಗಾದಿಯಿಂದ ಆರಂಭ. ವಾರಕ್ಕೆ ಮೂರು ಬೆಳಗ್ಗೆ. ಮೊದಲ ವಾರ 200 ಮೆಟ್ಟಿಲು, ಆಮೇಲೆ ವಾರಕ್ಕೆ 50ರಂತೆ ಏರಿಕೆ. ಹನ್ನೊಂದನೇ ವಾರಕ್ಕೆ 700, ಅಂದರೆ ಹೆಚ್ಚುಕಮ್ಮಿ ನಂದಿಯ ಪಾದ. ಆಷಾಢಕ್ಕೆ ಮುಂಚೆ ಒಂದು ವಾರ ಮೇಲ್ಪಟ್ಟು ಕೈಯಲ್ಲಿ ಉಳಿಯುತ್ತದೆ, ಅದು ನೆಂಟರ ಮದುವೆಗಳಿಗೆ. ಹೋಗದ ದಿನ ‘ಬಾಕಿ’ ಎಂದು ಬರೆಯುವುದು. ಗಿರಾಕಿಯ ಬಾಕಿ ನೋಡಿದರೆ ನಿದ್ದೆ ಬಾರದ ಮನುಷ್ಯ, ತನ್ನ ಬಾಕಿ ನೋಡಿ ಸುಮ್ಮನಿರುತ್ತಾನೆಯೇ? ಪುಸ್ತಕ ನೋಡಿಕೊಳ್ಳುವ ಕೆಲಸ ಅಂಗಡಿ ಹುಡುಗನಿಗೆ. “ಯಜಮಾನ್ರೇ, ಬುಧವಾರದ್ದು ಬಾಕಿ ಐತೆ” ಎಂದು ಗಿರಾಕಿಗಳ ಎದುರಿಗೇ ಕೂಗುತ್ತಿದ್ದನಂತೆ, ಕಳ್ಳ!

ಬೆಟ್ಟ ಎಲ್ಲರಿಗೂ ಆಗದು, ನಿಜ. ವಿದ್ಯಾರಣ್ಯಪುರಂ ಬಸ್ಸಿನ ಗುಮಾಸ್ತರೊಬ್ಬರು ಅಗ್ರಹಾರದಲ್ಲೇ ಇಳಿದು ಕಚೇರಿಗೆ ನಡೆದು ಹೋಗುತ್ತಾರೆ. ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೆ ಒಂದು ಗೀಟು. ತಿಂಗಳಿಗೆ ಇಪ್ಪತ್ತು ಗೀಟು ಬಿದ್ದರೆ ಹೆಂಡತಿಯೊಡನೆ ಸಿನಿಮಾ. ಈಗ ಹೆಂಡತಿಯೇ ಗೀಟು ಎಣಿಸುತ್ತಾರಂತೆ! ಮೊಬೈಲ್ ಇಟ್ಟುಕೊಂಡು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ಕೊರಗುವವರು ಒಂದು ಸಂಗತಿ ತಿಳಿಯಬೇಕು. ಆ ಅಂಕಿ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ, ಚುರುಕು ನಡಿಗೆಯಂಥ ಶ್ರಮ. ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ನಡೆದರೆ ಕೆಳಗಿನ ಲೆಕ್ಕ ಚುಕ್ತಾ.

ಇತ್ತ ಯಜಮಾನರಿಗೆ ಏಳನೇ ವಾರ ಜ್ವರ ಬಂತು. ಮೂರು ಬಾಕಿ. ಎದ್ದವರು ಬಿಟ್ಟ ಜಾಗದಿಂದ ಹೊರಡಲಿಲ್ಲ, ನೂರು ಮೆಟ್ಟಿಲು ಹಿಂದಕ್ಕೆ ಸರಿದು ಶುರು ಮಾಡಿದರು. ಅಲ್ಲಿಗೆ ಆಷಾಢದ ಮೊದಲ ಶುಕ್ರವಾರದ ಲೆಕ್ಕ ತಪ್ಪಿತು. ಹೇಗೂ ಆವತ್ತು ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ ಬಿಡಿ. ಆಮೇಲೊಂದು ಸೋಮವಾರ ನಸುಕಿನಲ್ಲಿ ನಂದಿಯ ಎದುರು ನಿಂತರು.

ಪಾತ್ರೆ ಅಂಗಡಿಯವರು ಸ್ಕೂಟರಿನಲ್ಲಿ ರಸ್ತೆ ಹಿಡಿದು ಮೊದಲೇ ಬಂದು ಕಾಯುತ್ತಿದ್ದರು. “ಎಷ್ಟು ನಿಮಿಷ ಆಯ್ತ್ರೀ?”

“ವಾಚು ಮನೇಲೇ ಬಿಟ್ಟು ಬಂದೆ.”

ಆ ದಿನದ ಪುಟದಲ್ಲಿ ಹುಡುಗನ ಅಕ್ಷರದಲ್ಲೇ ಬರೆದಿದೆ: ‘ಜಮಾ 700. ಬಾಕಿ 300 ಚಿಲ್ಲರೆ.’