ಮಲ್ಲಿಗೆ ಎಲೆ ಹಳದಿಯಾದ್ರೆ ಮೊದಲು ಬಕೆಟ್ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಡೈರಿ ಸರ್ಕಲ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ದೀರಾ? ಒಳ್ಳೇದೇ ಆಯ್ತು, ಟೈಮ್ ಇದೆ. ಇವತ್ತು ಒಂದು ಗಿಡದ ಕಥೆ ಹೇಳ್ತೀನಿ.

ನಾನಿರೋದು ಅಲ್ಲೇ ಹತ್ತಿರ, ಸುದ್ದಗುಂಟೆಪಾಳ್ಯದಲ್ಲಿ. ಕ್ರೈಸ್ಟ್ ಯೂನಿವರ್ಸಿಟಿ ಸುತ್ತಮುತ್ತಲಿನ ಗಲ್ಲಿಗಳು ಗೊತ್ತಲ್ಲ, ಒಂದು ಪಿಜಿ, ಪಕ್ಕದಲ್ಲಿ ಇನ್ನೊಂದು ಪಿಜಿ. ಮೂರನೇ ಮಹಡಿಯಲ್ಲಿ ನಮ್ಮ ಮನೆ. ಬಾಲ್ಕನಿ ಅಂತ ಕರೆಯೋಕೆ ಸ್ವಲ್ಪ ಧೈರ್ಯ ಬೇಕಾಗುವಷ್ಟು ಜಾಗ. ಅಲ್ಲಿ ಒಂದು ಮಲ್ಲಿಗೆ ಕುಂಡ.

ಅದು ಶಂಕರಪುರ ಮಲ್ಲಿಗೆ. ಉಡುಪಿ ಕಡೆಯವರಿಗೆ ಹೇಳಬೇಕಾಗಿಲ್ಲ. ಅಟ್ಟೆ ಲೆಕ್ಕದಲ್ಲಿ ಮಾರಾಟ ಆಗೋ, ಜಿಐ ಟ್ಯಾಗ್ ಇರೋ ಮಲ್ಲಿಗೆ. ನಮ್ಮ ದೊಡ್ಡಮ್ಮ ಮನೆ ಅಂಗಳದಲ್ಲಿ ಇದನ್ನೇ ಬೆಳೆಸಿ, ಕಟ್ಟಿ, ಮಾರಿ ಮಕ್ಕಳನ್ನ ಓದಿಸಿದ್ದಾರೆ. 2023ರ ಆಗಸ್ಟ್‌ನಲ್ಲಿ ಅವರೇ ಬೇರು ಬಿಟ್ಟ ಒಂದು ಗಿಡ ಕೊಟ್ಟರು. ಜೊತೆಗೆ ಒಂದು ಚೀಲ ತುಂಬ ಅವರ ತೋಟದ ಕೆಂಪು ಮಣ್ಣು. ರಾತ್ರಿ ಬಸ್ಸಲ್ಲಿ ಆ ಮಣ್ಣಿನ ಚೀಲವನ್ನ ಕಾಲಡಿ ಇಟ್ಕೊಂಡು ಬಂದೆ, ಪಕ್ಕದ ಸೀಟಿನವರ ಮುಖ ನೋಡಬೇಕಿತ್ತು ನೀವು.

ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು. ಫೆಬ್ರವರಿ ಹೊತ್ತಿಗೆ ಹೊಸ ಎಲೆಗಳು ಹಳದಿ ಬರೋಕೆ ಶುರು. ಏಪ್ರಿಲ್‌ನಲ್ಲಿ, ಅಂದ್ರೆ ಮಲ್ಲಿಗೆ ಮೈತುಂಬ ಬಿಡಬೇಕಾದ ಟೈಮಲ್ಲಿ, ಒಂದೇ ಒಂದು ಮೊಗ್ಗಿಲ್ಲ.

ನಾನು ಎಲ್ಲರೂ ಮಾಡೋದನ್ನೇ ಮಾಡಿದೆ. ಗೊಬ್ಬರ ಹಾಕಿದೆ. ಇನ್ನೂ ಹಳದಿಯಾಯ್ತು. ಫಿಲ್ಟರ್ ಕಾಫಿ ಡಿಕಾಕ್ಷನ್ ಇಳಿದ ಮೇಲೆ ಉಳಿಯೋ ಚರಟ ಹಾಕಿದೆ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿದೆ. ಕೊನೆಗೆ ಸೋತು ದೊಡ್ಡಮ್ಮನಿಗೆ ವಿಡಿಯೋ ಕಾಲ್ ಮಾಡಿ ಗಿಡ ತೋರಿಸಿದೆ. ಅವರು ಎಲೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಣ್ಣು ಇಲ್ಲಿದ್ದೇ ಅಲ್ವಾ ಮಾರಾಯ್ತಿ? ನೀರು ಎಲ್ಲಿದ್ದು?" ಅಂದರು.

ಆ ಒಂದು ಪ್ರಶ್ನೆಗೋಸ್ಕರ ಈ ಸಂಚಿಕೆ.

ಮೊದಲು ಎಲೆ ಓದೋದು ಹೇಗೆ ಅಂತ ಹೇಳ್ತೀನಿ. ಗಿಡದ ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾದ್ರೆ ಸಾಮಾನ್ಯವಾಗಿ ಸಾರಜನಕ ಕಮ್ಮಿ, ಇಲ್ಲಾಂದ್ರೆ ನೀರು ಜಾಸ್ತಿ. ತುದಿಯಲ್ಲಿ ಬರೋ ಹೊಸ ಎಲೆ ಹಳದಿಯಾಗಿ, ಅದರ ನರಗಳು ಮಾತ್ರ ಹಸಿರಾಗಿ ಉಳಿದ್ರೆ ಅದು ಬಹುಪಾಲು ಕಬ್ಬಿಣದ ಕೊರತೆ. ಹಸಿರು ಬಲೆ ಹಾಕಿದ ಹಾಗೆ ಕಾಣುತ್ತೆ. ನನ್ನ ಗಿಡದ್ದು ಎರಡನೇದು.

ಇಲ್ಲೇ ತಲೆ ಕೆಡೋದು. ಕರಾವಳಿಯ ಮಣ್ಣು ಕೆಂಪಗಿರೋದೇ ಕಬ್ಬಿಣದಿಂದ. ನಮ್ಮ ಬೆಂಗಳೂರಿನ ಕೆಮ್ಮಣ್ಣೂ ಅಷ್ಟೇ. ಕಬ್ಬಿಣದ ರಾಶಿಯಲ್ಲಿ ಬೇರು ಇಟ್ಕೊಂಡು ಗಿಡ ಕಬ್ಬಿಣ ಇಲ್ಲ ಅಂತ ಅಳ್ತಿದೆ. ಹೇಗೆ?

ಉತ್ತರ ಪಿಎಚ್. ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳೋ ಅಳತೆ. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಲ್ಯಾಬ್‌ನಲ್ಲಿ ಸೋರೆನ್‌ಸೆನ್ ಅನ್ನೋ ವಿಜ್ಞಾನಿ ಇದನ್ನ ಶುರು ಮಾಡಿದ್ದು. ಹೌದು, ಬಿಯರ್ ಕಂಪನಿಯ ಲ್ಯಾಬೇ. 7 ಅಂದ್ರೆ ಮಧ್ಯ, ಕೆಳಗೆ ಹೋದಷ್ಟು ಹುಳಿ, ಮೇಲೆ ಹೋದಷ್ಟು ಕ್ಷಾರ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಮನೆಯಲ್ಲಿ ಆರತಿಗೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ ತಕ್ಷಣ ಕೆಂಪಾಗುತ್ತಲ್ಲ? ಅದು ಪಿಎಚ್ ಏರಿದ್ದನ್ನ ಅರಿಶಿನ ನಮಗೆ ತೋರಿಸೋದು. ಚಿಕ್ಕಂದಿನಿಂದ ನೋಡ್ತಾ ಬಂದಿದ್ದೀವಿ, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಮಣ್ಣು ಸ್ವಲ್ಪ ಹುಳಿಯಾಗಿದ್ರೆ, ಅಂದ್ರೆ 6ರಿಂದ 6.5ರ ಆಸುಪಾಸು ಇದ್ರೆ, ಕಬ್ಬಿಣ ಒಂದಿಷ್ಟು ಕರಗಿ ಬೇರಿಗೆ ಸಿಗುತ್ತೆ. ಪಿಎಚ್ ಏರ್ತಾ ಹೋದ ಹಾಗೆ ಅದೇ ಕಬ್ಬಿಣ ತುಕ್ಕಾಗಿ ಗಟ್ಟಿಯಾಗಿ ಕೂತುಬಿಡುತ್ತೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ, ಪಿಎಚ್ ಒಂದು ಅಂಕಿ ಏರಿದ್ರೆ ಕರಗಿರೋ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತೆ. ಬ್ಯಾಂಕಲ್ಲಿ ದುಡ್ಡಿದೆ, ಎಟಿಎಂ ಕೆಟ್ಟಿದೆ.

ಹಾಗಾದ್ರೆ ದೊಡ್ಡಮ್ಮನ ಮಣ್ಣೇ ಕ್ಷಾರ ಇತ್ತಾ? ಅದೃಷ್ಟಕ್ಕೆ ಆ ಚೀಲದಲ್ಲಿ ಎರಡು ಹಿಡಿ ಮಣ್ಣು ಉಳಿದಿತ್ತು. ಆನ್‌ಲೈನಲ್ಲಿ ಪಿಎಚ್ ಪಟ್ಟಿ ತರಿಸಿದೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಡಿಸ್ಟಿಲ್ಡ್ ವಾಟರ್, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತೆ. ಕಲಕಿ ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯಲ್ಲಿ ಪಟ್ಟಿ ಅದ್ದಿದೆ. ಚೀಲದ ಮಣ್ಣು 5.5. ಕುಂಡದ ಮಣ್ಣು 8ರ ಹತ್ತಿರ. ಒಂದೇ ತೋಟದ ಮಣ್ಣು ರೀ! ಎಂಟು ತಿಂಗಳಲ್ಲಿ ಇಷ್ಟು ಬದಲಾಗೋಕೆ ಅದರೊಳಗೆ ಹೋಗಿದ್ದು ನಾನು ಹಾಕಿದ ನೀರು, ಅದರ ಮೇಲೆ ನಾಲ್ಕು ಮೊಟ್ಟೆ ಸಿಪ್ಪೆ.

ನಮ್ಮ ಬಿಲ್ಡಿಂಗ್‌ನಲ್ಲಿ ಬಳಕೆಗೆ ಬೋರ್‌ವೆಲ್ ನೀರು. 2024ರ ಬೇಸಿಗೆ ನೆನಪಿದೆಯಲ್ಲ? ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯೋ ನೀರನ್ನ ಗಿಡಕ್ಕೆ, ಗಾಡಿ ತೊಳೆಯೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಕಾವೇರಿ ನೀರು ಕುಡಿಯೋಕೇ ಸಾಲದಿದ್ದಾಗ ಗಿಡಕ್ಕೆ ಯಾರು ಹಾಕ್ತಾರೆ? ಬೋರ್ ನೀರು, ಅದೂ ಇಲ್ಲದ ದಿನ ಟ್ಯಾಂಕರ್ ನೀರು. ಅದೂ ಯಾವುದೋ ಬೋರಿನದೇ.

ಆಳದ ಬಂಡೆಯಿಂದ ಬರೋ ಈ ಗಡಸು ನೀರಲ್ಲಿ ಬೈಕಾರ್ಬನೇಟ್ ಕರಗಿರುತ್ತೆ. ಗೀಸರ್ ಕಾಯಿಲ್ ಮೇಲೆ, ಬಕೆಟ್ ಅಂಚಲ್ಲಿ, ನಲ್ಲಿ ಬಾಯಲ್ಲಿ ಕೂರೋ ಬಿಳಿ ಪೊರೆ ಇದೆಯಲ್ಲ, ಅದೇ. ತಲೆಕೂದಲು ಉದುರೋಕೆ ಈ ನೀರನ್ನ ಬೈಯ್ತೀವಿ, ಗಿಡದ ವಿಷಯದಲ್ಲಿ ಮಾತ್ರ ಯಾರಿಗೂ ನೆನಪಾಗಲ್ಲ. ಒಂದು ಲೆಕ್ಕ ಹಾಕೋಣ. ಲೀಟರ್‌ಗೆ 300 ಮಿಲಿಗ್ರಾಂ ಬೈಕಾರ್ಬನೇಟ್ ಇರೋ ನೀರು ಅಂದ್ಕೊಳ್ಳಿ. ದಿನಕ್ಕೆ ಒಂದು ಲೀಟರ್, 240 ದಿನ. ಒಟ್ಟು 72 ಗ್ರಾಂ. ಹುಳಿ ಕೊಲ್ಲೋ ಶಕ್ತಿಯಲ್ಲಿ ಇದು ಸುಮಾರು 60 ಗ್ರಾಂ ಸುಣ್ಣಕಲ್ಲಿನ ಪುಡಿಗೆ ಸಮ. ಒಂದಿಷ್ಟು ಕೆಳಗೆ ಹರಿದುಹೋದ್ರೂ ಹತ್ತು ಇಂಚಿನ ಕುಂಡಕ್ಕೆ ಅದು ಸಣ್ಣ ಪ್ರಮಾಣ ಅಲ್ಲ. ತಮಾಷೆ ನೋಡಿ: ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿದು ಮಣ್ಣಿನ ಸುಣ್ಣದಂಶ ತೊಳೆದುಹೋಗುತ್ತೆ, ಹುಳಿ ಜಾಸ್ತಿಯಾಗುತ್ತೆ, ಅದಕ್ಕೆ ಅಲ್ಲಿನ ರೈತರು ದುಡ್ಡು ಕೊಟ್ಟು ಸುಣ್ಣ ಹಾಕ್ತಾರೆ. ನಾನು ಇಲ್ಲಿ ಫ್ರೀಯಾಗಿ ಹಾಕ್ತಿದ್ದೆ, ದಿನಾ ಬೆಳಗ್ಗೆ, ಪ್ರೀತಿಯಿಂದ.

ಸರಿ, ಏನು ಮಾಡಿದೆ ಅಂತ ಹೇಳ್ತೀನಿ.

ನೀರು ಬದಲಿಸದೆ ಮಣ್ಣು ಸರಿಮಾಡೋದು ವ್ಯರ್ಥ, ಅದಕ್ಕೇ ಅಲ್ಲಿಂದ ಶುರು. ಮಳೆನೀರಿಗೆ ಸಮ ಇನ್ನೊಂದಿಲ್ಲ. ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6, ಬೈಕಾರ್ಬನೇಟ್ ಇಲ್ಲವೇ ಇಲ್ಲ ಅನ್ನಬಹುದು. ಬಾಲ್ಕನಿ ಮೇಲೆ ಸ್ಲ್ಯಾಬ್ ಇರೋದ್ರಿಂದ ನಮ್ಮ ಗಿಡಕ್ಕೆ ಮಳೆ ಬೀಳಲ್ಲ. ಟೆರೇಸ್ ಪೈಪ್ ಕೆಳಗೆ ಎರಡು ಡ್ರಮ್ ಇಟ್ಟೆ, ಸೊಳ್ಳೆ ಬಾರದ ಹಾಗೆ ಬಟ್ಟೆ ಕಟ್ಟಿ. ಓನರ್ ಆಂಟಿ ಮೊದಲು ಗೊಣಗಿದರು, ಈಗ ಅವರ ಗುಲಾಬಿಗೂ ಅದೇ ನೀರು. ಇದನ್ನ ದೊಡ್ಡದಾಗಿ ಮಾಡೋ ಆಸೆ ಇದ್ರೆ ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕ್ ಇದೆ, ಹೋಗಿ ನೋಡಿ. ಎಸಿಯಿಂದ ತೊಟ್ಟಿಕ್ಕೋ ನೀರೂ ಆಗುತ್ತೆ. ಆದ್ರೆ ಆರ್‌ಓ ಫಿಲ್ಟರ್ ಹೊರಗೆ ಬಿಡೋ ನೀರು ಬೇಡ. ವೇಸ್ಟ್ ಮಾಡಬಾರದು ಅಂತ ಎಲ್ಲರೂ ಗಿಡಕ್ಕೇ ಹಾಕ್ತಾರೆ. ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಇನ್ನಷ್ಟು ಗಟ್ಟಿಯಾಗಿರುತ್ತೆ. ನೆಲ ಒರೆಸಿ.

ಬೋರ್ ನೀರು ಬಿಟ್ಟು ಬೇರೆ ಗತಿಯಿಲ್ಲ ಅಂದ್ರೆ ನಿಂಬೆ ಉಪ್ಪು. ದಿನಸಿ ಅಂಗಡಿಯಲ್ಲಿ ಸಿಗೋ ಸಿಟ್ರಿಕ್ ಆಸಿಡ್ ಅದು. ಹತ್ತು ಲೀಟರ್ ಬಕೆಟ್‌ಗೆ ಕಾಲು ಟೀ ಚಮಚದಿಂದ ಶುರು ಮಾಡಿ, ಪಟ್ಟಿ ಅದ್ದಿ ನೋಡಿ, 6ರ ಹತ್ತಿರ ಬಂದ್ರೆ ನಿಲ್ಲಿಸಿ. ನಮ್ಮ ನೀರಿಗೆ ಅರ್ಧ ಚಮಚ ಬೇಕಾಯ್ತು. ಟಾಯ್ಲೆಟ್ ಆಸಿಡ್ ಎರಡು ಹನಿ ಹಾಕಿದ್ರೆ ಆಗುತ್ತಾ ಅಂತ ಫ್ರೆಂಡ್ ಒಬ್ಬ ಕೇಳಿದ. ಇಲ್ಲಪ್ಪ, ದಯವಿಟ್ಟು ಬೇಡ.

ಆಮೇಲೆ ಮಣ್ಣಿಗೆ ಗಂಧಕದ ಪುಡಿ. ಹತ್ತು ಇಂಚಿನ ಕುಂಡಕ್ಕೆ ಅರ್ಧ ಟೀ ಚಮಚ, ಮೇಲ್ಮಣ್ಣಲ್ಲಿ ಬೆರೆಸಿ. ಗಂಧಕ ತಾನಾಗಿ ಹುಳಿ ಅಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನ ನಿಧಾನಕ್ಕೆ ಆಮ್ಲ ಮಾಡ್ತಾವೆ. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನಾಳೆಯೇ ಬದಲಾಗಲಿಲ್ಲ ಅಂತ ಇನ್ನೊಂದು ಚಮಚ ಸುರಿದ್ರೆ ಬೇರು ಸುಡುತ್ತೆ. ಎರಡು ತಿಂಗಳು ಬಿಟ್ಟು ಪಟ್ಟಿ ನೋಡಿ, ಆಮೇಲೆ ಯೋಚನೆ ಮಾಡಿ.

ಅಲ್ಲಿವರೆಗೆ ಗಿಡ ಉಪವಾಸ ಇರಬೇಕಾಗಿಲ್ಲ. ಅನ್ನಭೇದಿ, ಅಂದ್ರೆ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ ಚಿಟಿಕೆ ನಿಂಬೆ ಉಪ್ಪು. ಸಂಜೆ ಹೊತ್ತು ಎಲೆ ಮೇಲೆ ಸಿಂಪಡಿಸಿ, ತಿಂಗಳಿಗೊಮ್ಮೆ, ಹಳದಿ ಹೋಗೋವರೆಗೆ. ಮಲ್ಲಿಗೆ ಬೆಳೆಗಾರರು ಮಾಡೋದೂ ಇದನ್ನೇ. ಬಾಲ್ಕನಿ ಟೈಲ್ಸ್ ಮೇಲೆ ಬಿದ್ರೆ ತುಕ್ಕಿನ ಕಲೆ ಹೋಗಲ್ಲ, ನಮ್ಮನೇಲಿ ಸಾಕ್ಷಿ ಇದೆ.

ಇನ್ನು ನಾನು ಮೊದಲು ಹಾಕಿದ್ದರ ಕಥೆ. ಮೊಟ್ಟೆ ಸಿಪ್ಪೆ ಅಂದ್ರೆ ಸುಣ್ಣಕಲ್ಲೇ, ಬೆಂಕಿಗೆ ತುಪ್ಪ. ಒಲೆ ಬೂದಿಯೂ ಹಾಗೇ. ಕಾಫಿ ಚರಟದ ಹುಳಿ ಬಹುಪಾಲು ಡಿಕಾಕ್ಷನ್ ಜೊತೆ ನಮ್ಮ ಹೊಟ್ಟೆಗೆ ಹೋಗಿರುತ್ತೆ, ಉಳಿದದ್ದು ಮಣ್ಣಿನ ಪಿಎಚ್ ಇಳಿಸೋಕೆ ಸಾಲಲ್ಲ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕ್ತಾರಲ್ಲ ಅಜ್ಜಿಯರು, ಅದರಲ್ಲಿ ಅರ್ಥ ಇದೆ, ಲ್ಯಾಕ್ಟಿಕ್ ಆಮ್ಲ ಇರುತ್ತೆ. ಚೆನ್ನಾಗಿ ನೀರು ಬೆರೆಸಿ, ಉಪ್ಪು ಹಾಕಿರಬಾರದು.

ಇನ್ನೊಂದು ಮಾತು. ಎಲೆ ಹಸಿರಾಗಿದ್ರೆ ಇದ್ಯಾವುದನ್ನೂ ಮಾಡಬೇಡಿ. ತುಳಸಿ, ಲೋಳೆಸರಕ್ಕೆಲ್ಲ ಈ ನೀರು ಅಷ್ಟಾಗಿ ತೊಂದರೆ ಕೊಡಲ್ಲ. ಮಲ್ಲಿಗೆ, ಗುಲಾಬಿ, ಕೇಪುಳ, ಗಾರ್ಡೇನಿಯಾ ಇಂಥವು ಬೇಗ ಹಳದಿಯಾಗ್ತಾವೆ.

ನನ್ನ ಗಿಡದ ಹೊಸ ಎಲೆ ಹಸಿರಾಗೋಕೆ ಆರು ವಾರ ಹಿಡೀತು. ಹಳೇ ಹಳದಿ ಎಲೆಗಳು ಹಾಗೇ ಉಳಿದು ಉದುರಿದವು. ಮುಂದಿನ ಬೇಸಿಗೆಯಲ್ಲಿ ಒಂದು ದಿನ ಹನ್ನೊಂದು ಮೊಗ್ಗು. ಫೋಟೋ ಕಳಿಸಿದೆ. ಅಟ್ಟೆಗಟ್ಟಲೆ ಹೂ ಕಟ್ಟಿದ ದೊಡ್ಡಮ್ಮ ವಾಯ್ಸ್ ನೋಟ್‌ನಲ್ಲಿ ನಕ್ಕು, "ಹನ್ನೊಂದಾ? ಮಾರ್ಲಿಕ್ಕೆ ಹೋಗ್ಬೇಡ, ತಲೆಗೆ ಇಟ್ಕೋ" ಅಂದರು.